ಟಗರು ಗುದ್ದಿದ್ದು ಒಂದೇ ಕಡೆ

ಎಲುಬಿನ ಡಾಕ್ಟರಾಗಿ ಮೂವತ್ತು ವರ್ಷ ದುಡಿದು ನಿವೃತ್ತಳಾದ ಮೇಲೂ, ಚಳ್ಳಕೆರೆಯ ಸಂತೆಯಲ್ಲಿ ನನ್ನ ಗುರುತು ಹಿಡಿದವರು ಪಕ್ಕದವರಿಗೆ ಹೇಳುವುದು ಒಂದೇ ಮಾತು: “ಇವ್ರೇ ಕಣೋ, ಒದೆಯೋ ಡಾಕ್ಟ್ರಮ್ಮ.” ಈ ಕೆಲಸಕ್ಕೆ ಹೊಸದಾಗಿ ಬರುವವರು, ಅದರಲ್ಲೂ ಹೆಣ್ಣುಮಕ್ಕಳು, ಆ ಬಿರುದು ಬಂದ ಬಗೆಯನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು.

ನಾನು ಚಳ್ಳಕೆರೆಯ ಒಂದು ಸಣ್ಣ ನರ್ಸಿಂಗ್ ಹೋಮ್ ಸೇರಿದ್ದು ತೊಂಬತ್ತರ ದಶಕದ ಆರಂಭದಲ್ಲಿ. ಮೊದಲ ತಿಂಗಳಲ್ಲೇ ತಳಕಿನ ಕಡೆಯ ಒಬ್ಬ ಭಾರೀ ಆಳು ಟ್ರ್ಯಾಕ್ಟರಿನಿಂದ ಬಿದ್ದು ಭುಜದ ಕೀಲು ಜಾರಿಸಿಕೊಂಡು ಬಂದ. “ಎಲುಬಿನ ಡಾಕ್ಟ್ರು ಎಲ್ಲವ್ರೆ?” ಎಂದ. ನಾನೇ ಎಂದೆ. “ನೀವು ಹೆರಿಗೆ ಡಾಕ್ಟ್ರಲ್ವಾ?” ಎಂದ. ಅಲ್ಲ ಎಂದೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, “ಇದು ಎಳೀಬೇಕಾಗ್ತೈತೆ ಕಣವ್ವ, ಗಂಡಸ್ರು ಯಾರೂ ಇಲ್ವಾ ಇಲ್ಲಿ?” ಎಂದ. ನೋವಿಗೆ ಇಂಜೆಕ್ಷನ್ ಕೊಟ್ಟು ಮಲಗಿಸಿದೆ. ಚಪ್ಪಲಿ ಬಿಟ್ಟು, ಹಿಮ್ಮಡಿಯನ್ನು ಅವನ ಕಂಕುಳಿಗೆ ಆನಿಸಿ, ಎರಡೂ ಕೈಯಲ್ಲಿ ಅವನ ತೋಳು ಹಿಡಿದು ನಿಧಾನವಾಗಿ ಎಳೆದೆ. ಪುಸ್ತಕದಲ್ಲಿರುವ ಹಳೇ ವಿಧಾನ ಅದು. ಕೀಲು ‘ಟಕ್’ ಅಂತ ಕೂತಿತು. ಆದರೆ ಬಾಗಿಲ ಸಂದಿಯಲ್ಲಿ ನಿಂತಿದ್ದ ಅವನ ಮನೆಯವರಿಗೆ ಕಂಡದ್ದು ಬೇರೆಯೇ. ಡಾಕ್ಟ್ರಮ್ಮ ಚಪ್ಪಲಿ ಬಿಟ್ಟರು, ಒದ್ದರು, ಕೈ ಸರಿಹೋಯಿತು.

ಮುಂದಿನ ವಾರದಿಂದ ಜನ ಬಂದು, “ಮೇಡಮ್ಮಾರೆ, ಬೆನ್ನು ಹಿಡ್ಕಂಡೈತೆ, ಒಂದು ಒದೀರಿ” ಎಂದು ತಿರುಗಿ ನಿಲ್ಲತೊಡಗಿದರು. ಒಬ್ಬ ಹೆಂಗಸು ಗಂಡನನ್ನು ರಟ್ಟೆ ಹಿಡಿದು ಕರೆತಂದು, “ಇವ್ರಿಗೆ ನೋವೇನೂ ಇಲ್ರಿ. ಆದ್ರೂ ಒಂದು ಒದ್ದು ಕಳಿಸ್ರಿ” ಎಂದಳು. ಒದೆಯಲಿಲ್ಲ. ಆ ಮನುಷ್ಯನ ಮುಖ ನೋಡಿ ಅವಳ ಬೇಡಿಕೆಯಲ್ಲಿ ಏನೋ ಹುರುಳಿರಬೇಕು ಎನಿಸಿದ್ದು ನಿಜ.

ನರ್ಸಿಂಗ್ ಹೋಮಿನ ಯಜಮಾನರು ನಮಗೆಲ್ಲ ‘ದೊಡ್ಡ ಡಾಕ್ಟರು’. ಅವರ ವೈದ್ಯಶಾಸ್ತ್ರ ಒಂದೇ ಸಾಲಿನದು. “ಎಲುಬು ಅಂದ್ರೆ ಏನಮ್ಮಾ? ಸುಣ್ಣ. ನೋವು ಅಂದ್ರೆ ಸುಣ್ಣ ಕಡಿಮೆಯಾಯ್ತು ಅಂತ. ಸುಣ್ಣ ಕೊಡು.” ಬೆರಳು ಉಳುಕಿದವರಿಗೂ ಕತ್ತು ಹಿಡಿದವರಿಗೂ ಅದೇ ಬಿಳಿ ಮಾತ್ರೆ. ಒಮ್ಮೆ ಅವರೇ ಸ್ಕೂಟರ್ ಸ್ಟ್ಯಾಂಡಿಗೆ ಹೆಬ್ಬೆರಳು ಗುದ್ದಿಸಿಕೊಂಡು, ಯಾರೂ ಇಲ್ಲದ ಹೊತ್ತು ನೋಡಿ ನನ್ನ ಕೋಣೆಗೆ ಕುಂಟುತ್ತಾ ಬಂದರು. “ಸುಣ್ಣ ಬರೀಲಾ ಸಾರ್?” ಎಂದೆ. “ತಮಾಷೆ ಬೇಡ, ಪಟ್ಟಿ ಹಾಕು” ಎಂದರು.

ಆಗ ಎಕ್ಸ್‌ರೇ ಎಂದರೆ ನೀರಲ್ಲಿ ತೊಳೆದು ಒಣಗಿಸುವ ಬಾಬತ್ತು. ಹಿತ್ತಲಿನ ಹಗ್ಗದಲ್ಲಿ ನರ್ಸುಗಳ ಸೀರೆಯ ಪಕ್ಕ ಊರವರ ಮೂಳೆಗಳು ನೇತಾಡುತ್ತಿದ್ದವು. ಒಂದು ಸಲ ಚಳ್ಳಕೆರೆಯ ಗಾಳಿಗೆ ಯಾರದೋ ಪಕ್ಕೆಲುಬು ಹಾರಿಹೋಗಿ ಪಕ್ಕದ ಮನೆಯವರ ಸಂಡಿಗೆಯ ಮೇಲೆ ಬಿತ್ತು. ಆ ಮನೆಯಾಕೆ ಆ ವರ್ಷದ ಸಂಡಿಗೆಯನ್ನು ಪೂರ್ತಿ ತಂದು ನಮ್ಮ ಆಸ್ಪತ್ರೆಗೇ ಸುರಿದು ಹೋದರು. ನಾವು ಕರಿದು ತಿಂದೆವು.

ವಾರಕ್ಕೊಂದು ದಿನ ನಾನು ಬಸ್ಸು ಹತ್ತಿ ಮೊಳಕಾಲ್ಮುರಿಗೆ ಹೋಗಿ ಒಂದು ಬಾಡಿಗೆ ಕೋಣೆಯಲ್ಲಿ ರೋಗಿಗಳನ್ನು ನೋಡುತ್ತಿದ್ದೆ. ಊರಿನ ಹೆಸರಲ್ಲೇ ಮೊಳಕಾಲು ಇರುವುದರಿಂದಲೋ ಏನೋ, ಅಲ್ಲಿ ಬಂದವರೆಲ್ಲರೂ ಮೊದಲು ಮುಟ್ಟಿ ತೋರಿಸುತ್ತಿದ್ದುದು ಮೊಳಕಾಲನ್ನೇ. ಗೋವಿಂದಪ್ಪನೂ ಹಾಗೇ ಬಂದ.

ಗೋವಿಂದಪ್ಪ ರೇಷ್ಮೆ ಸೀರೆ ನೇಯುವವನು, ನಲವತ್ತೈದರ ಆಸುಪಾಸು, ಮನೆಮಾತು ತೆಲುಗು. ಲಗೇಜ್ ಆಟೋದಲ್ಲಿ ಮಲಗಿ ಬಂದವನನ್ನು ಹೆಂಡತಿ ನಾಗಮ್ಮ ಒಂದು ಕಡೆ, ಮಗಳು ಸುಜಾತ ಇನ್ನೊಂದು ಕಡೆ ಹಿಡಿದು ಒಳಗೆ ತಂದರು. ಕೂತ ಕೂಡಲೇ ಬಲ ಮೊಳಕಾಲು ಮುಂದೆ ಚಾಚಿ, “ಹೂಂ, ಒದೀರಿ ಮೇಡಮ್ಮಾರೆ” ಎಂದು ಕಣ್ಣು ಮುಚ್ಚಿಕೊಂಡ.

“ಏನಾಯ್ತು ಹೇಳಿ ಮೊದಲು.”

“ಪಾಳೇಗಾರ ಗುದ್ದಿದ.”

ಪಾಳೇಗಾರ ಎನ್ನುವುದು ಒಂದು ಟಗರು. ಗೋವಿಂದಪ್ಪನ ಬೀದಿಯಲ್ಲೇ ಇರುವ ಯರ್ರಿಸ್ವಾಮಿಯದು. ಯರ್ರಿಸ್ವಾಮಿಯೂ ನೇಕಾರನೇ. ಗೋವಿಂದಪ್ಪನಿಗೆ ದೂರದ ಬಾವ, ಹತ್ತಿರದ ಗೆಳೆಯ, ಜೊತೆಗೆ ಆಗಬೇಕಾದ ಬೀಗ: ಅವನ ಮಗ ಶ್ರೀನಿವಾಸನಿಗೆ ಸುಜಾತಳನ್ನು ಕೊಡುವುದೆಂದು ಮಾತಾಗಿತ್ತು. ಹೀಗಿರುವಾಗ ಒಂದು ಬೆಳಿಗ್ಗೆ ಟೀ ಅಂಗಡಿಯ ಮುಂದೆ ಪಾಳೇಗಾರ ಹಗ್ಗ ಕಿತ್ತುಕೊಂಡು ಓಡಿಬಂದು, ಎಲ್ಲರೂ ನೋಡುತ್ತಿದ್ದಂತೆ ಗೋವಿಂದಪ್ಪನ ಬಲ ತೊಡೆಗೆ ಗುದ್ದಿತ್ತು. ಅದಾದ ಮೇಲೆ ನೋವು ದಿನೇ ದಿನೇ ಏರಿ, ಈಗ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಗುಂಡಿಗೆ ಇಳಿಯುವುದೇ ಆಗುತ್ತಿರಲಿಲ್ಲ. ಮೊಳಕಾಲಿಗೆ ಎಣ್ಣೆ ತಿಕ್ಕಿದ್ದರು, ಸೊಪ್ಪು ಕಟ್ಟಿದ್ದರು, ಚಳ್ಳಕೆರೆಗೆ ಹೋದಾಗ ನಮ್ಮ ದೊಡ್ಡ ಡಾಕ್ಟರು ಸುಣ್ಣವನ್ನೂ ಕೊಟ್ಟಿದ್ದರು.

“ಆ ಟಗರಿನ ತಲೆ ಉರುಳಬೇಕು, ಆಮೇಲೇ ಮದುವೆ ಮಾತು” ಎನ್ನುವುದು ಗೋವಿಂದಪ್ಪನ ಪಟ್ಟು. “ಪಾಳೇಗಾರನ ಮೈಮೇಲೆ ಕತ್ತಿ ಬಿದ್ರೆ ನಂಗೆ ಸೊಸೆನೇ ಬ್ಯಾಡ” ಎನ್ನುವುದು ಯರ್ರಿಸ್ವಾಮಿಯದು. ಇಬ್ಬರೂ ಒಂದೇ ಬೀದಿಯಲ್ಲಿ ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದರು. ಬರುವ ತಿಂಗಳು ಬೀದಿಯ ಹಿರಿಯರು ಕಟ್ಟೆಯ ಮೇಲೆ ಕೂತು ನ್ಯಾಯ ಹೇಳುವವರಿದ್ದರು. ಗೋವಿಂದಪ್ಪನಿಗೆ ಬೇಕಾಗಿದ್ದುದು ಎರಡು. ಒಂದು ಒದೆ, ಮತ್ತು ಟಗರಿನ ಮೇಲೆ ನನ್ನ ಸಾಕ್ಷಿ.

ನಾನು ಮೊಳಕಾಲು ನೋಡಿದೆ. ಊತವಿಲ್ಲ, ಬಿಸಿಯಿಲ್ಲ, ಸಲೀಸಾಗಿ ಮಡಚುತ್ತಿತ್ತು. ಪಾಪ, ಅಷ್ಟು ಎಣ್ಣೆ ಕುಡಿದ ಆ ಮೊಳಕಾಲು ಏನೂ ತಪ್ಪು ಮಾಡಿರಲಿಲ್ಲ. ಚಕ್ಕಳಮಕ್ಕಳ ಹಾಕಿ ಕೂರಿ ಎಂದೆ. ಆಗಲಿಲ್ಲ. ಮಲಗಿಸಿ, ಕಾಲು ಮಡಚಿ, ಪಾದವನ್ನು ಮೆಲ್ಲಗೆ ಹೊರಕ್ಕೆ ತಿರುಗಿಸಿದೆ. “ಅವ್ವಾ!” ಎಂದು ಕೂಗಿ ಕೈಗೆ ಸಿಕ್ಕಿದ ನನ್ನ ಜಡೆ ಹಿಡಿದುಕೊಂಡ. ಈ ಕಸುಬಿಗೆ ಬರುವವರು ಇದನ್ನು ಮರೆಯಬೇಡಿ. ಸೊಂಟದ ಕೀಲಿನ ನೋವು ಅನೇಕ ಸಲ ಮೊಳಕಾಲಿನಲ್ಲಿ ಅಳುತ್ತದೆ. ರೋಗಿ ಮೊಳಕಾಲು ತೋರಿಸಿದರೆ ಒಂದು ಮೊಳ ಮೇಲಕ್ಕೂ ನೋಡಿ. ಜಡೆಯನ್ನು ಮಾತ್ರ ಗಂಟು ಹಾಕಿಕೊಂಡು ನೋಡಿ.

ಎಕ್ಸ್‌ರೇ ತೆಗೆಸಿದಾಗ ಬಲಗಡೆ ತೊಡೆಮೂಳೆಯ ತುದಿಯ ಗುಂಡು ಒಂದು ಕಡೆ ಚಪ್ಪಟೆಯಾಗಲು ಶುರುವಾಗಿತ್ತು. ಮೂಳೆ ಮುರಿದಿರಲಿಲ್ಲ, ಕೀಲು ಜಾರಿರಲಿಲ್ಲ. ಪೆಟ್ಟಿಲ್ಲದೆಯೇ ಮೂಳೆ ಸಾಯುವ ಕಾಯಿಲೆ ಇದು ಎಂದು ನನಗೆ ಅನುಮಾನ ಬಂತು. ಆಗ ನಾನು ಬಾಯಿತಪ್ಪಿ ಒಂದು ಮಾತಾಡಿಬಿಟ್ಟೆ: “ಇಲ್ಲಿ ಎಲುಬು ಸತ್ತಿರೋ ಹಾಗಿದೆ.”

ನಾಗಮ್ಮ “ಅಯ್ಯೋ ದೇವುಡಾ!” ಎಂದು ಬಾಯಿಗೆ ಸೆರಗು ಹಾಕಿಕೊಂಡಳು. ಗೋವಿಂದಪ್ಪ ಮಾತ್ರ ಗಂಭೀರನಾಗಿ ಕೇಳಿದ, “ಯಾವಾಗ ಸತ್ತಿದ್ದು?”

“ಕೆಲವು ತಿಂಗಳಾಗಿರಬಹುದು.”

“ನೋಡಿದ್ಯಾ ನಾಗಿ, ಹನ್ನೊಂದನೇ ದಿನದ್ದೂ ಮಾಡ್ದೇ ಬಿಟ್ವಿ.”

ಗೋವಿಂದಪ್ಪನ ಒಂದು ಭಾಗ ತೀರಿಕೊಂಡಿದೆ ಎಂಬ ಸುದ್ದಿ ಊರಲ್ಲಿ ಹಬ್ಬಿ, ಸಂಜೆಯೊಳಗೆ ನಾಲ್ಕು ಜನ ಬಾಳೆಹಣ್ಣು ಹಿಡಿದು ಮಾತಾಡಿಸಲು ಬಂದರಂತೆ. ಅಂದಿನಿಂದ ನಾನು ಯಾರಿಗೂ ಎಲುಬು ‘ಸತ್ತಿದೆ’ ಎಂದಿಲ್ಲ. ‘ಒಣಗಿದೆ’ ಎನ್ನುತ್ತೇನೆ. ಅವನಿಗೂ ಹಾಗೆಯೇ ಬಿಡಿಸಿ ಹೇಳಿದೆ. ಎಲುಬಿನ ಆ ಗುಂಡು ತುದಿಗೆ ರಕ್ತ ಹೋಗುವ ದಾರಿಗಳು ತೀರಾ ಸಣ್ಣವು. ಅವು ಮುಚ್ಚಿಹೋದರೆ, ನೀರು ಸಿಗದ ಕೊಂಬೆಯ ಹಾಗೆ ಎಲುಬು ಒಣಗುತ್ತದೆ. ಒಣಗಿದ್ದರ ಮೇಲೆ ಮೈಭಾರ ಹಾಕುತ್ತಾ ಹೋದರೆ ಒಂದು ದಿನ ಕುಸಿಯುತ್ತದೆ. ಅವನು ಎಲ್ಲವನ್ನೂ ತಲೆದೂಗುತ್ತಾ ಕೇಳಿದ.

“ತಿಳೀತು ಮೇಡಮ್ಮಾರೆ. ಆ ದಾರಿ ಮುಚ್ಚಿದ್ದು ಪಾಳೇಗಾರ.”

ಕೈಗೆ ಊರುಗೋಲು ಕೊಟ್ಟು, ಬಲಗಾಲಿನ ಮೇಲೆ ಭಾರ ಹಾಕಬೇಡ ಎಂದು ಹೇಳಿ, ಎಂಆರ್‌ಐ ಮಾಡಿಸಿಕೊಂಡು ಬರಲು ಬೆಂಗಳೂರಿಗೆ ಕಳಿಸಿದೆ. ಆಗ ಅದು ನಮ್ಮ ಕಡೆ ಹೊಸ ಯಂತ್ರ. ಹೆಸರು ಕೇಳಿದವರೇ ಕಡಿಮೆ. ಹೋಗಿ ಬಂದವನು ಸಿಟ್ಟಾಗಿದ್ದ. “ಒಳಗೆ ಪವರ್‌ಲೂಮ್ ಇಟ್ಟವ್ರೆ! ದಡಬಡ ದಡಬಡ ಅಂತೈತೆ. ಕೈಮಗ್ಗದೋರನ್ನ ಅದ್ರೊಳಗೆ ತುರುಕೋದು ಯಾವ ನ್ಯಾಯ?” ಎಂದ. ನಾನು ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಬಲಗಡೆ ನಾನು ಅಂದುಕೊಂಡಂತೆಯೇ ಇತ್ತು. ಎಕ್ಸ್‌ರೇಯಲ್ಲಿ ಏನೂ ತೊಂದರೆ ಕಾಣದಿದ್ದ ಎಡಗಡೆಯಲ್ಲೂ ಅದೇ ಕಾಯಿಲೆ ಆಗತಾನೆ ಕಾಲಿಟ್ಟಿತ್ತು.

ಹೊರಡುವಾಗ ಸುಜಾತ ಹಿಂದೆ ಉಳಿದು ಬಾಗಿಲ ಬಳಿ ಪಿಸುಗುಟ್ಟಿದಳು. “ಮೇಡಂ, ಕಟ್ಟೆ ಹತ್ರ ಬರ್ತೀರಲ್ಲ? ಟಗರಿಂದೇನೂ ತಪ್ಪಿಲ್ಲ ಅಂದ್ಬಿಡ್ರಿ. ಎಲುಬು ಹೆಂಗಾದ್ರೂ ಇರ್ಲಿ.”

ನ್ಯಾಯದ ದಿನ ಕಟ್ಟೆಯ ಬಳಿ ಅಷ್ಟು ಜನ ಸೇರಿದ್ದನ್ನು ನಾನು ಊಹಿಸಿರಲಿಲ್ಲ. ಗೋವಿಂದಪ್ಪ ಊರುಗೋಲು ಹಿಡಿದು ಒಂದು ಕಡೆ ಕೂತಿದ್ದ. ಇನ್ನೊಂದು ಕಡೆ ಯರ್ರಿಸ್ವಾಮಿ, ಸಣಕಲ ಮನುಷ್ಯ, ಟಗರಿಗೆ ಸ್ನಾನ ಮಾಡಿಸಿ, ಹಣೆಗೆ ಕುಂಕುಮವಿಟ್ಟು, ಕೊರಳಿಗೆ ಚೆಂಡುಹೂವಿನ ಹಾರ ಹಾಕಿ ಹಿಡಿದುಕೊಂಡಿದ್ದ. ವಿಚಾರಣೆ ನಡೆಯುತ್ತಿದ್ದಷ್ಟು ಹೊತ್ತೂ ಪಾಳೇಗಾರ ಆ ಹಾರವನ್ನು ಒಂದೊಂದೇ ಹೂವಾಗಿ ತಿನ್ನುತ್ತಿತ್ತು.

ಹಿರಿಯರು ನನ್ನ ಕಡೆ ತಿರುಗಿ, “ಹೇಳವ್ವ ಡಾಕ್ಟ್ರಮ್ಮ, ಇದು ಟಗರಿನ ಗುದ್ದೋ ಅಲ್ವೋ?” ಎಂದರು.

“ಟಗರು ಎಷ್ಟು ಕಡೆ ಗುದ್ದಿತು?” ಎಂದೆ.

“ಬಲಗಡೆ ಒಂದೇ” ಎಂದು ಟೀ ಅಂಗಡಿಯವರೆಲ್ಲ ಒಟ್ಟಿಗೆ ಹೇಳಿದರು.

“ಕಾಯಿಲೆ ಎರಡೂ ಕಡೆ ಇದೆ.”

ಹಿಂದಿನಿಂದ ಒಬ್ಬ, “ಆ ಕಡೆಯಿಂದ ಸುತ್ತಾಕ್ಕಂಡು ಬಂದು ಇನ್ನೊಂದು ಸಲ ಗುದ್ದಿರಬೋದಲ್ವಾ?” ಎಂದ. ಕೂರೋ ಲೇ ಎಂದು ಎಲ್ಲರೂ ಅವನನ್ನು ಕೂರಿಸಿದರು. ಆಗ ನಾಗಮ್ಮ ಗಂಡನ ಮುಖ ನೋಡದೆ ಮಾತಾಡಿದಳು.

“ಇರೋದು ಹೇಳ್ತೀನ್ರಿ. ಟಗರು ಗುದ್ದೋಕೆ ಮುಂಚೆನೇ ಯುಗಾದಿ ದಿನ ಇವ್ರು ಊಟಕ್ಕೆ ನೆಲದ ಮೇಲೆ ಕೂರೋಕಾಗ್ಲಿಲ್ಲ. ಕುಂಟ್ತಾನೇ ಇದ್ರು. ಅವತ್ತು ಟಗರು ಬಂದಾಗ ಮಿಕ್ಕೋರೆಲ್ಲ ಹಾರಿ ಕಟ್ಟೆ ಹತ್ತಿದ್ರು. ಇವ್ರಿಗೆ ಹಾರೋಕಾಗ್ಲಿಲ್ಲ.”

ಅಂದರೆ ಟಗರು ಗುದ್ದಿದ್ದಕ್ಕೆ ಅವನು ಕುಂಟಲಿಲ್ಲ; ಕುಂಟುತ್ತಿದ್ದುದಕ್ಕೆ ಟಗರಿಗೆ ಸಿಕ್ಕಿದ. ಯರ್ರಿಸ್ವಾಮಿ ಪಾಳೇಗಾರನ ಕತ್ತು ತಬ್ಬಿಕೊಂಡು, “ನಾ ಹೇಳ್ಲಿಲ್ವಾ ಬಂಗಾರ” ಎಂದು ಅತ್ತೇಬಿಟ್ಟ.

“ಟಗರಲ್ಲ ಅಂದ್ಮೇಲೆ ಮತ್ತೇನು?” ಎಂದರು ಹಿರಿಯರು.

ಈ ಕಾಯಿಲೆಗೆ ಕಾರಣ ಹಲವು ಎಂದೆ. ವಿಪರೀತ ಕುಡಿತ ಒಂದು. ರಕ್ತದ ಕೆಲವು ಕಾಯಿಲೆಗಳು. ಕೆಲವರಲ್ಲಿ ಎಷ್ಟು ಹುಡುಕಿದರೂ ಕಾರಣವೇ ಸಿಗುವುದಿಲ್ಲ. ಇನ್ನೊಂದು, ಸ್ಟೀರಾಯ್ಡ್ ಎನ್ನುವ ಔಷಧಿಯನ್ನು ಅಳತೆ ಇಲ್ಲದೆ ಬಹಳ ದಿನ ತಿನ್ನುವುದು. ಗೋವಿಂದಪ್ಪ ಕುಡಿಯುತ್ತಿರಲಿಲ್ಲ, ಅದನ್ನು ಬೀದಿಯೇ ಹೇಳಿತು. ಆದರೆ ಅವನ ಮುಖ ನನಗೆ ಮೊದಲ ದಿನದಿಂದಲೂ ಅನುಮಾನ ಹುಟ್ಟಿಸಿತ್ತು. ಕೈಕಾಲು ಕಡ್ಡಿಯಂತೆ, ಮುಖ ಮಾತ್ರ ಸ್ಟೀರಾಯ್ಡ್ ತಿಂದವರ ಹಾಗೆ ಊದಿ ಹುಣ್ಣಿಮೆಯ ಚಂದ್ರ. ಮಗಳ ಮದುವೆ ನಿಶ್ಚಯವಾದ ಖುಷಿಗೆ ಕಳೆ ಬಂದಿದೆ ಎಂದು ಊರವರು ಅಂದುಕೊಂಡಿದ್ದರು. ಮೊದಲ ದಿನವೇ ನಾನು ಬೇರೆ ಔಷಧಿ ತಗೊಳ್ತೀರಾ ಎಂದು ಕೇಳಿದ್ದೆ. ಏನೂ ಇಲ್ಲ ಎಂದಿದ್ದ. ಈಗ ಬೇರೆ ರೀತಿ ಕೇಳಿದೆ.

“ಪುಡಿ, ಲೇಹ್ಯ, ಅಂಥದ್ದೇನಾದ್ರೂ ತಿಂತೀರಾ?”

“ದಮ್ಮಿಗೆ ಪುಡಿ ತಿಂತೀನಿ. ಅದು ಔಷಧಿ ಅಲ್ವಲ್ಲ, ಪುಡಿ.”

ಕಿರಿಯರಿಗೆ ಇನ್ನೊಂದು ಪಾಠ: ನಮ್ಮ ಜನರ ಲೆಕ್ಕದಲ್ಲಿ ಮಾತ್ರೆ, ಇಂಜೆಕ್ಷನ್ನು ಮಾತ್ರ ಔಷಧಿ. ಪುಡಿ ಊಟದ ಸಾಲಿಗೆ ಸೇರುತ್ತದೆ. ನಾಗಮ್ಮ ಮನೆಗೆ ಓಡಿ ಒಂದು ಡಬ್ಬಿ ತಂದಳು. ಒಳಗೆ ಪತ್ರಿಕೆಯ ಚೂರಿನಲ್ಲಿ ಕಟ್ಟಿದ ಪೊಟ್ಟಣಗಳು. ಆಂಧ್ರದ ಕಡೆಯ ಯಾವನೋ ಹೆಸರಿಲ್ಲದ ‘ಪಂಡಿತ’ ಮಾತ್ರೆ ಅರೆದು ಕಟ್ಟಿ ಮಾರುತ್ತಿದ್ದ ಮಾಲು. ತಿಂದ ದಿನವೇ ಉಬ್ಬಸ ಇಳಿಯುತ್ತಿತ್ತು, ಮೈಕೈ ನೋವು ಹೋಗುತ್ತಿತ್ತು, ಹಸಿವು ಕೆರಳುತ್ತಿತ್ತು. ಸ್ಟೀರಾಯ್ಡಿನ ಗುರುತುಗಳೆಲ್ಲ ಇದ್ದವು. ಎಲುಬಿಗೆ ವಿಷವಾದದ್ದು ಇದೇ ಇರಬೇಕು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

“ಇದನ್ನ ತಂದುಕೊಡೋರು ಯಾರು?” ಎಂದೆ.

ಬೀದಿಗೆ ಬೀದಿಯೇ ಯರ್ರಿಸ್ವಾಮಿಯನ್ನು ನೋಡಿತು. ಅವನು ಟಗರಿನ ಕತ್ತು ಬಿಟ್ಟ. “ನಾನೇ ಮೇಡಂ. ಬಾವ ದಮ್ಮಿಂದ ಒದ್ದಾಡೋದು ನೋಡೋಕಾಗ್ತಿರಲಿಲ್ಲ. ವಾರ ವಾರ ಬಸ್ಸಿಗೋಗಿ ತರ್ತಿದ್ದೆ.”

ಹಿರಿಯರು ಕೂಡಲೇ ತೀರ್ಪು ಕೊಟ್ಟರು. “ಸರಿ ಬಿಡು. ಟಗರು ಬಿಚ್ಚಿ, ಇವನನ್ನ ಕಟ್ಟಾಕ್ರಿ.”

ಜನ ಗೊಳ್ಳೆಂದು ನಕ್ಕರು. ಯರ್ರಿಸ್ವಾಮಿ ನಗಲಿಲ್ಲ. ಬಂದು ಗೋವಿಂದಪ್ಪನ ಮುಂದೆ ನೆಲದ ಮೇಲೆ ಕುಕ್ಕರಿಸಿದ. “ಬಾವಾ, ನಿನ್ನ ಕಾಲು ನಾನೇ ತಿಂದ್ನಾ?” ಎಂದ. ಗೋವಿಂದಪ್ಪ ಊರುಗೋಲು ಕೆಳಗಿಟ್ಟು ಅವನ ಭುಜ ಹಿಡಿದ. ಆಮೇಲೆ, “ಟಗರಿಗೆ ಸುಮ್ನೆ ಬೈದೆ ಕಣೋ” ಎಂದ. ಇಬ್ಬರೂ ಅಳತೊಡಗಿದರು. ಪಾಳೇಗಾರ ಕೊನೆಯ ಹೂವು ಮುಗಿಸಿ ಊರುಗೋಲಿನ ತುದಿಗೆ ಸುತ್ತಿದ್ದ ಬಟ್ಟೆಯನ್ನು ಮೂಸಿತು.

ಅಷ್ಟರಲ್ಲಿ ಇನ್ನೊಂದು ಅವಾಂತರ ಶುರುವಾಯಿತು. ಆ ಪುಡಿ ತಿನ್ನುತ್ತಿದ್ದವನು ಗೋವಿಂದಪ್ಪ ಒಬ್ಬನೇ ಅಲ್ಲ. ಬೆನ್ನು ನೋವಿಗೆ, ಮಂಡಿ ನೋವಿಗೆ, ಬರೀ ಶಕ್ತಿಗೆ ಎಂದು ಅರ್ಧ ಬೀದಿ ಅದನ್ನು ನೆಕ್ಕುತ್ತಿತ್ತು. ನನ್ನ ಮಾತು ಕೇಳಿ ಜನ ಮನೆಗೆ ನುಗ್ಗಿ ಪೊಟ್ಟಣಗಳನ್ನು ತಂದು ಚರಂಡಿಗೆ ಎಸೆಯಲಾರಂಭಿಸಿದರು. ನಾನು ಕಟ್ಟೆ ಹತ್ತಿ, “ಎಸೀಬೇಡಿ! ಎಸೀಬೇಡಿ!” ಎಂದು ಕೂಗಿದೆ.

“ಈಗ್ತಾನೆ ವಿಷ ಅಂದ್ರಿ!”

“ಬಹಳ ದಿನ ತಿಂದೋರು ಒಂದೇ ಸಲ ನಿಲ್ಲಿಸಿದರೆ ಜೀವಕ್ಕೇ ಅಪಾಯ. ನಾನು ಅಳತೆಯ ಮಾತ್ರೆ ಕೊಟ್ಟು ಮೆಲ್ಲಗೆ ಇಳಿಸ್ತೀನಿ!”

“ಏನವ್ವ ನಿನ್ನ ಮಾತು? ತಿಂದ್ರೂ ಕಷ್ಟ, ಬಿಟ್ರೂ ಕಷ್ಟ” ಎಂದು ಒಬ್ಬ ಮುದುಕಿ ಗೊಣಗುತ್ತಾ ಚರಂಡಿಗೆ ಇಳಿದು ತನ್ನ ಪೊಟ್ಟಣ ಹುಡುಕತೊಡಗಿದಳು. ಅವಳು ಹೇಳಿದ್ದು ಸರಿಯಾಗಿತ್ತು. ಆ ಔಷಧಿಯ ಸ್ವಭಾವವೇ ಅದು. ಅಳತೆಯಲ್ಲಿ ಕೊಟ್ಟರೆ ಪ್ರಾಣ ಉಳಿಸುತ್ತದೆ, ಅಳತೆ ತಪ್ಪಿದರೆ ಒಳಗಿನಿಂದ ತಿನ್ನುತ್ತದೆ. ಆ ದಿನ ನನ್ನ ಬಸ್ಸು ಹೊರಡುವವರೆಗೂ ಕಟ್ಟೆಯ ಮೇಲೆಯೇ ಬೀದಿಯವರನ್ನು ಸಾಲಾಗಿ ಮಲಗಿಸಿ ಕಾಲು ತಿರುಗಿಸಿ ನೋಡಿದೆ. ಜಡೆ ಗಂಟು ಹಾಕಿಕೊಂಡಿದ್ದೆ. ಯರ್ರಿಸ್ವಾಮಿಯ ಕೀಲು ಚೆನ್ನಾಗಿತ್ತು. ಅವನು ಬಾವನಿಗೆಂದು ತರುತ್ತಿದ್ದುದರಲ್ಲಿ ತಾನು ಒಂದು ಚಿಟಿಕೆಯನ್ನೂ ಮುಟ್ಟಿರಲಿಲ್ಲ.

ಗೋವಿಂದಪ್ಪನ ಉಬ್ಬಸಕ್ಕೆ ಬಾಯಿಂದ ಸೇದಿಕೊಳ್ಳುವ ಔಷಧಿ ಶುರುಮಾಡಿ, ಪುಡಿಯ ಬದಲಿನ ಮಾತ್ರೆಯನ್ನು ವಾರವಾರಕ್ಕೆ ಇಳಿಸುತ್ತಾ ಬಂದೆ. ಆಮೇಲೆ ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ, ನನಗೆ ಪಾಠ ಹೇಳಿದ್ದ ಸರ್ಜನ್ನರ ಕೈಲಿ ಆಪರೇಷನ್ ಮಾಡಿಸಿದೆವು. ನಾನು ಪಕ್ಕದಲ್ಲಿ ಕೈಜೋಡಿಸಿದೆ. ಎಡಗಡೆ ಕಾಯಿಲೆ ಎಳೆಯದಾಗಿತ್ತು. ತೊಡೆಮೂಳೆಯ ಗುಂಡಿನವರೆಗೆ ಸಣ್ಣ ತೂತು ಕೊರೆದು ಒಳಗಿನ ಒತ್ತಡ ಇಳಿಸಿದರೆ ಹೊಸ ರಕ್ತ ಹರಿದು ಎಲುಬು ಉಳಿಯುವ ಸಂಭವವಿತ್ತು. “ಒಣಗಿರೋದಕ್ಕೆ ತೂತು ಬೇರೆ ಹೊಡೀತೀರಾ?” ಎಂದು ಗೋವಿಂದಪ್ಪ ವಾದ ಮಾಡಿದ. ಉಳಿಯುತ್ತದೆ ಎಂದು ಮಾತು ಕೊಡಲಾರೆ, ಆದರೆ ನನ್ನ ಅಣ್ಣನಾಗಿದ್ದರೂ ಇದನ್ನೇ ಮಾಡಿಸುತ್ತಿದ್ದೆ ಎಂದೆ. ಒಪ್ಪಿದ. ಆ ಕಡೆ ಉಳಿಯಿತು. ಬಲಗಡೆ ಅಷ್ಟರಲ್ಲಿ ಪೂರ್ತಿ ಕುಸಿದಿದ್ದರಿಂದ, ಕೆಲವು ತಿಂಗಳ ನಂತರ ಕೀಲನ್ನೇ ತೆಗೆದು ಲೋಹದ್ದನ್ನು ಕೂರಿಸಬೇಕಾಯಿತು.

ಲೋಹದ ಕೀಲಿಗೆ ಆಗ ಕಟ್ಟುನಿಟ್ಟಿನ ನಿಯಮಗಳಿದ್ದವು. ನೆಲದ ಮೇಲೆ ಕೂರಬಾರದು, ಕುಕ್ಕರಿಸಬಾರದು, ಸೊಂಟದಿಂದ ಕೆಳಕ್ಕೆ ಬಗ್ಗಬಾರದು. ಮಗ್ಗದ ಗುಂಡಿಗೆ ಇಳಿದು ನೇಯುವವನಿಗೆ ಇದನ್ನು ಹೇಳುವಾಗ ನನ್ನ ನಾಲಿಗೆ ತಡವರಿಸಿತು. ನಾಲ್ಕು ತಲೆಮಾರಿನ ಮಗ್ಗ ಅದು. ಹಾಸಿಗೆಯ ಪಕ್ಕ ನಿಂತಿದ್ದ ಯರ್ರಿಸ್ವಾಮಿ, “ಬಾವ ಕೆಳಗಿಳೀದೇ ಇದ್ರೆ ಏನಂತೆ, ಮಗ್ಗನೇ ಮೇಲಕ್ಕೆ ಬರ್ತೈತೆ” ಎಂದ. ಊರಿಗೆ ಹೋಗಿ, ಮಗ ಶ್ರೀನಿವಾಸನನ್ನು ಜೊತೆಗೆ ಹಾಕಿಕೊಂಡು ಇಡೀ ಮಗ್ಗವನ್ನು ಕಲ್ಲುಕಂಬದ ಮೇಲೆ ಎತ್ತಿ ನಿಲ್ಲಿಸಿದ. ಕೂರಲು ಎತ್ತರದ ಹಲಗೆ ಮಾಡಿಸಿದ. ಮೊದಲ ಸಲ ಎತ್ತಿದಾಗ ಲೆಕ್ಕ ತಪ್ಪಿ, ಗೋವಿಂದಪ್ಪನ ತಲೆ ಜಂತೆಗೆ ತಾಗುವಂತಾಗಿತ್ತಂತೆ. ಮತ್ತೆ ಇಳಿಸಿ ಕೂರಿಸಿದರು. ತಿಂಗಳುಗಳು ಕಳೆದ ಮೇಲೆ ನಾನೇ ಹೋಗಿ, ಅವನು ಮೆಲ್ಲಗೆ ಮಗ್ಗ ತುಳಿಯುವುದನ್ನು ನೋಡಿ ಒಪ್ಪಿಗೆ ಕೊಟ್ಟೆ.

ಅದಾದ ಮೇಲೆ ಮದುವೆ. ನನಗೂ ಕರೆ ಬಂದಿತ್ತು. ಊಟಕ್ಕೆಂದು ಹೋದವಳನ್ನು ನಾಗಮ್ಮ ಚಪ್ಪರದ ಬಾಗಿಲಲ್ಲೇ ಕೈಹಿಡಿದು ಒಳಕ್ಕೆ ಎಳೆದಳು. ಒಳಗೆ ಪುರೋಹಿತರು ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಧಾರೆಗೆ ಮುಂಚೆ ಹೆಣ್ಣಿನ ತಂದೆ ಅಳಿಯನ ಕಾಲು ತೊಳೆಯಬೇಕು. ಅಳಿಯ ಮಣೆಯ ಮೇಲೆ. ಮಾವನಿಗೆ ಬಗ್ಗುವ ಹಾಗಿಲ್ಲ. ಚಿಕ್ಕಪ್ಪ ತೊಳೆಯಲಿ ಎಂದರೆ ಗೋವಿಂದಪ್ಪ ಒಪ್ಪುತ್ತಿಲ್ಲ. “ಮಗಳು ನಂದು” ಎಂದು ಹಟ. ಮುಹೂರ್ತ ಹತ್ತಿರವಾಗುತ್ತಿತ್ತು.

ಯರ್ರಿಸ್ವಾಮಿ ಪಂಚೆ ಎತ್ತಿ ಕಟ್ಟಿ ಅಡುಗೆಯವರ ಕಡೆ ಓಡಿದ. ತರಕಾರಿ ಹೆಚ್ಚುತ್ತಿದ್ದ ದೊಡ್ಡ ಮೇಜನ್ನು ಸೌತೆಕಾಯಿ ಸಮೇತ ಹೊತ್ತು ತಂದರು. ಸೌತೆಕಾಯಿ ಇಳಿಸಿದರು. ಶ್ರೀನಿವಾಸನನ್ನು ಹತ್ತಿಸಿದರು. ಅವನ ಬಾಸಿಂಗ ಚಪ್ಪರದ ಬಟ್ಟೆಗೆ ಸಿಕ್ಕಿಕೊಂಡಿತು. ಇಬ್ಬರು ಹುಡುಗರು ಕೋಲಿನಿಂದ ಚಪ್ಪರವನ್ನು ಮೇಲೆತ್ತಿ ಹಿಡಿದರು. ಮೇಜು ಇನ್ನೂ ತಗ್ಗು, ಅದರ ಕಾಲ ಕೆಳಗೆ ಇಟ್ಟಿಗೆ ಇಡತೊಡಗಿದರು. “ಡಾಕ್ಟ್ರಮ್ಮ, ಸಾಕಾ? ಇನ್ನೂ ಏರಿಸ್ಲಾ?” ಎಂದು ಯರ್ರಿಸ್ವಾಮಿ ಕೂಗುತ್ತಿದ್ದ. ನಾನು ಒಂದು ಕೈಯನ್ನು ಗೋವಿಂದಪ್ಪನ ಸೊಂಟದ ಮೇಲಿಟ್ಟು, “ಇನ್ನೊಂದು ಇಟ್ಟಿಗೆ, ಇನ್ನೊಂದು” ಎನ್ನುತ್ತಿದ್ದೆ. ಅಳಿಯ ಮೇಲೇರುತ್ತಲೇ ಇದ್ದ. ಸುಜಾತ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಪುರೋಹಿತರೂ ನಗು ತಡೆಯಲಾರದೆ ಮಂತ್ರವನ್ನು ಎರಡು ಸಲ ಮೊದಲಿಂದ ಶುರುಮಾಡಿದರು.

ಕೊನೆಗೆ ಅಳಿಯನ ಪಾದ ಮಾವನ ಎದೆಯ ಮಟ್ಟಕ್ಕೆ ಬಂತು. ಗೋವಿಂದಪ್ಪ ಎರಡೂ ಕಾಲ ಮೇಲೆ, ಊರುಗೋಲಿಲ್ಲದೆ, ನೆಟ್ಟಗೆ ನಿಂತ. ನಾಗಮ್ಮ ತಂಬಿಗೆಯಿಂದ ನೀರು ಬಿಟ್ಟಳು. ಅವನು ನಿಧಾನವಾಗಿ ಅಳಿಯನ ಎರಡೂ ಪಾದ ತೊಳೆದು, ಹೆಗಲ ಮೇಲಿದ್ದ ಶಲ್ಯದಿಂದ ಒರೆಸಿದ. ಆಮೇಲೆ ಒದ್ದೆ ಕೈಯಲ್ಲೇ ನನ್ನ ಕಡೆ ತಿರುಗಿ, ಇಡೀ ಚಪ್ಪರಕ್ಕೆ ಕೇಳುವಂತೆ ಹೇಳಿದ:

“ಬಗ್ಗಬ್ಯಾಡ ಅಂದಿದ್ರಲ್ಲ ಮೇಡಮ್ಮಾರೆ. ನೋಡ್ರಿ, ಹೆಣ್ಣು ಕೊಡೋನು ನಾನು, ಬಗ್ಗಲಿಲ್ಲ.”